ಕಂಬಳಿಯೊಳಗೆ ಹೊಸೆದ ಬತ್ತಿಗಳು

ಮೊನ್ನೆ ಶಾರದೆ ನನ್ನ ಪಕ್ಕ ಬಂದು ಕುಳಿತು, "ಅಜ್ಜಿ, ತಾತ ಹೇಗೆ ಮಾತಾಡ್ತಿದ್ರು? ನಿನ್ನ ಹತ್ರ ಏನೇನು ಹೇಳ್ತಿದ್ರು?" ಎಂದು ಕೇಳಿದಳು. ಸಣ್ಣ ದನಿ, ನಿಧಾನ, ಎಂದಷ್ಟೇ ಹೇಳಿ ಸುಮ್ಮನಾದೆ. ಅಜ್ಜಿಗೆ ನಾಚಿಕೆ ಎಂದು ನಕ್ಕು ಅವಳು ಎದ್ದು ಹೋದಳು. ನಾನು ನಾಚಿಕೆಯವಳೇ. ಆದರೆ ಅವತ್ತು ಸುಮ್ಮನಾದದ್ದಕ್ಕೆ ಬೇರೆ ಕಾರಣವಿತ್ತು. ಮಕ್ಕಳೇ, ನಿಮ್ಮ ತಾತ ನನ್ನ ಹತ್ತಿರ ಏಳು ತಿಂಗಳು ದಿನಾ ಸಂಜೆ ಮಾತನಾಡಿದರು. ಅದರಲ್ಲಿ ಹೆಚ್ಚಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅವರ ಎದುರಿಗೇ ಮಲಗಿದ್ದೆ, ಕಿವಿಯೂ ಚೆನ್ನಾಗಿತ್ತು.

ಎದುರಿಗೆ ಕುಳಿತು ಹೇಳಲು ನನ್ನಿಂದಾಗದು. ಅದಕ್ಕೆ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ನೀವು ತಿದ್ದಿಕೊಳ್ಳಿ.

ನಮ್ಮ ಮನೆ ಆಗ ಹಳ್ಳಿಮೈಸೂರಿನ ಹತ್ತಿರದ ಹಳ್ಳಿಯಲ್ಲಿತ್ತು. ಅತ್ತೆ, ಭಾವನವರು, ಓರಗಿತ್ತಿ, ಅವರ ಮಕ್ಕಳು, ನಾವು. ನಿಮ್ಮ ತಾತ ಎರಡು ಮೈಲಿ ಆಚೆಯ ಶಾಲೆಗೆ ಮೇಷ್ಟ್ರಾಗಿದ್ದರು. ನಾನು ಆ ಮನೆಗೆ ಬಂದಾಗ ಹದಿನಾಲ್ಕು. ರೂಪ ಇರಲಿಲ್ಲ, ಮಾತು ಬರುತ್ತಿರಲಿಲ್ಲ. ಇದ್ದದ್ದು ಕೈಗಳು. ಬೀಸುವುದು, ಕುಟ್ಟುವುದು, ಸೇದುವುದು, ತೊಳೆಯುವುದು, ಅದೆಲ್ಲ ಮುಗಿದರೆ ಊಟಕ್ಕೆ ಮುತ್ತುಗದ ಎಲೆ ಹಚ್ಚುವುದು. ಯಾರಾದರೂ ನೆಂಟರು ಬಂದರೆ ಅತ್ತೆ, "ನಮ್ಮ ಕಿರೀ ಸೊಸೆ ಕೈ ಸುಮ್ಮನಿದ್ದದ್ದು ನಾನು ಒಂದು ದಿನ ನೋಡಿಲ್ಲ" ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಎಂಟು ವರ್ಷ ಬದುಕಿದೆ.

ಇನ್ನೊಂದು ವಿಷಯ ನಿಮಗೆ ಹೇಳಿದರೆ ನಗುತ್ತೀರಿ. ಆ ಮನೆಯಲ್ಲಿ ಹಗಲು ಹೊತ್ತು ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತನಾಡುವಂತಿರಲಿಲ್ಲ. ನಿಮ್ಮ ತಾತ ಗೋಡೆಯ ಕಡೆ ನೋಡುತ್ತ, "ನೀರು ಕಾದಿದ್ದರೆ ಸ್ನಾನ ಮಾಡಬಹುದಿತ್ತು" ಎನ್ನುವರು. ನಾನು ಹೋಗಿ ನೀರು ತೋಡುವೆ. ಅತ್ತೆ ಒಮ್ಮೆ, "ನಿನ್ನ ಗೋಡೆ ಬಹಳ ವಿಧೇಯ ಕಣೋ" ಎಂದಿದ್ದರು. ಮಗು ಹುಟ್ಟಿ ನಾಲ್ಕು ವರ್ಷವಾದರೂ ಅವರಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾರೆ, ನನಗೆ ತಿಳಿದಿರಲಿಲ್ಲ. ತಿಳಿಯಬೇಕು ಎಂದು ಅನ್ನಿಸಿರಲೂ ಇಲ್ಲ. ಕೆಲಸವಿತ್ತಲ್ಲ.

ಕೆಮ್ಮು ಶುರುವಾದದ್ದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಸೀಮೆಎಣ್ಣೆ ಸಿಗದ ವರ್ಷ. ಸಂಜೆಯಾದರೆ ಮೈ ಬಿಸಿ. ಬೆಳಿಗ್ಗೆ ಎದ್ದರೆ ಸೀರೆ ಬೆವರಿನಲ್ಲಿ ಒದ್ದೆ. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೆಮ್ಮು ಬಂತು. ಅಕ್ಕಿಯ ಮೇಲೆ ಕೆಂಪು ಬಿತ್ತು. ಆಗ ನನಗೆ ಬಂದ ಮೊದಲ ಯೋಚನೆಯನ್ನು ನಿಮಗೆ ನಿಜವಾಗಿ ಹೇಳುತ್ತೇನೆ. ಸಾವಲ್ಲ, ಮಗುವಲ್ಲ. ಇನ್ನೂ ಎರಡು ಸೇರು ಆರಿಸುವುದಿದೆಯಲ್ಲ ಎಂದುಕೊಂಡೆ. ಆ ಅಕ್ಕಿಯನ್ನು ತಿಪ್ಪೆಗೆ ಸುರಿದು, ಮೊರ ತೊಳೆದು ಒಣಗಲಿಟ್ಟೆ. ಬೇರೆ ಮೊರ ತರಲು ಎದ್ದವಳು ನಡುಮನೆಯ ಹೊಸ್ತಿಲಲ್ಲಿ ಬಿದ್ದೆ.

ಹಾಸನಕ್ಕೆ ಇದ್ದಿಲು ಬಸ್ಸಿನಲ್ಲಿ ಹೋದೆವು. ಆಗ ಪೆಟ್ರೋಲು ಇರಲಿಲ್ಲ. ಬಸ್ಸಿನ ಹಿಂದೆ ದೊಡ್ಡ ಕೊಳವೆಯಂಥ ಒಲೆ ಕಟ್ಟಿ ಇದ್ದಿಲು ಉರಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿಯಬೇಕು. ನಾನೂ ಇಳಿದೆ. ನಿಮ್ಮ ತಾತ ಮೊದಲನೇ ಸಲ ಜನರ ಎದುರಿಗೆ ನನ್ನ ರಟ್ಟೆ ಹಿಡಿದುಕೊಂಡರು. ನಾನು ನಾಚಿಕೆಯಿಂದ ಬಿಡಿಸಿಕೊಂಡೆ.

ಆಸ್ಪತ್ರೆಯ ಜಗಲಿಯಲ್ಲಿ ನಮ್ಮಂಥವರ ಸಾಲು. ಎಲ್ಲರಿಗೂ ಒಂದೇ ಕೆಮ್ಮು. ಒಬ್ಬರು ಕೆಮ್ಮಿದರೆ ಸಾಲಿನ ತುದಿಯವರೆಗೆ ಹೋಗಿ ಬರುತ್ತಿತ್ತು. ನನ್ನ ಪಕ್ಕದಲ್ಲಿ ಅರಕಲಗೂಡಿನ ಕಡೆಯ ಒಬ್ಬ ಹೆಂಗಸು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸಣಕಲು, ಆದರೆ ಕಣ್ಣಲ್ಲಿ ನಗು. ನಾನು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದುದನ್ನು ನೋಡಿ, "ಎದ್ರಬ್ಯಾಡಿ ಕಣವ್ವ," ಎಂದಳು. "ಒಳಗಿರೋ ಡಾಕುಟ್ರು ಮನಿಕ್ಕಳಿ ಅಂತಾರೆ, ಅಷ್ಟೇಯ. ಮನಿಕ್ಕಳದೂ ಕಲೀಬೇಕಾದ್ ಕೆಲ್ಸ. ನಂಗೆ ಮೂರ್ ತಿಂಗ್ಳಾಯ್ತು, ಇನ್ನೂ ಬರಾಕಿಲ್ಲ." ಅವಳ ಹೆಸರು ಕೇಳಲಿಲ್ಲ. ಆಮೇಲೆ ಒಂದು ಸಲ ಅದೇ ಜಗಲಿಯಲ್ಲಿ ಸಿಕ್ಕಳು. ನನಗಾಗಿ ಜಾಗ ಹಿಡಿದಿದ್ದಳು. ಮೂರನೆಯ ಸಲ ಹೋದಾಗ ಅವಳಿರಲಿಲ್ಲ. ಬೇರೆ ದಿನ ಬಂದಿರಬಹುದು ಎಂದು ನಿಮ್ಮ ತಾತ ಹೇಳಿದರು. ನಾವಿಬ್ಬರೂ ಅದನ್ನು ನಂಬಿದಂತೆ ಇದ್ದೆವು.

ಡಾಕ್ಟರು ವಯಸ್ಸಾದವರು. ಎದೆಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ನನಗೆ ಏನೂ ಹೇಳದೆ ನಿಮ್ಮ ತಾತನಿಗೆ ಹೇಳಿದರು. ಕ್ಷಯ. ಬೇರೆ ಇರಬೇಕು, ಪಾತ್ರೆ ಬೇರೆ, ಮಗು ಹತ್ತಿರ ಸುಳಿಯಕೂಡದು, ಹಾಲು, ಗಾಳಿ, ಬಿಸಿಲು, ಎಲ್ಲಕ್ಕಿಂತ ವಿಶ್ರಾಂತಿ. "ಒಂದು ಕಡ್ಡಿ ಎತ್ತಿ ಆ ಕಡೆ ಇಡಕೂಡದು ಅಮ್ಮ. ಎದೇಲಿ ಗಾಯ ಇದೆ. ಕೈ ಆಡಿದರೆ ಎದೆ ಆಡುತ್ತೆ" ಎಂದು ಕೊನೆಗೆ ನನಗೊಂದು ಮಾತು ಹೇಳಿದರು. ಒಂದು ಸೀಸೆ ಎಣ್ಣೆಯನ್ನೂ ಕೊಟ್ಟರು. ಮುಚ್ಚಳ ತೆಗೆದರೆ ಅದು ಮೀನಿನದೆಂದು ಯಾರಿಗಾದರೂ ತಿಳಿಯುವಂಥ ವಾಸನೆ. ನಮ್ಮದು ಮಡಿ ಮನೆ. ಅತ್ತೆ ಸೀಸೆಯನ್ನು ಮೂಸಿ ನೋಡಿದರು. ಮಗನ ಮುಖ ನೋಡಿದರು. "ಸೀಮೆ ಔಷಧಿ ತಾನೇ? ಸೀಮೆ ಔಷಧಿಯೆಲ್ಲ ಹೀಗೇ ನಾರುತ್ತೆ" ಎಂದು ಸೀಸೆಯನ್ನು ನನ್ನ ಕಡೆ ಸರಿಸಿದರು. ಅತ್ತೆ ನನಗೆ ಮಾಡಿದ ಉಪಕಾರಗಳಲ್ಲಿ ಅದು ದೊಡ್ಡದು.

ಮಗುವನ್ನು, ಅಂದರೆ ನಿಮ್ಮ ಅಪ್ಪನನ್ನು, ಚನ್ನರಾಯಪಟ್ಟಣದಲ್ಲಿದ್ದ ನನ್ನ ತವರಿಗೆ ಕಳಿಸಿದರು. ಹೋಗುವಾಗ ಮುಟ್ಟಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಹಿತ್ತಿಲ ಬಾವಿಯ ಆಚೆ, ಹೊಂಗೆಮರದ ಕೆಳಗೆ ನನಗೊಂದು ಗುಡಿಸಲು ಹಾಕಿಸಿದರು. ಮೂರು ಕಡೆ ತಡಿಕೆ, ಬಾವಿಯ ಕಡೆ ತೆರೆದದ್ದು. ಒಂದು ಮಂಚ, ಕಂಬಳಿ, ಒಂದು ತಂಬಿಗೆ. ಊಟ, ಹಾಲು ತರುತ್ತಿದ್ದವಳು ನಮ್ಮ ಹೊಲ ಮಾಡುತ್ತಿದ್ದವರ ಮನೆಯ ನಿಂಗಮ್ಮ. ಮೊದಲ ವಾರ ನಾನು ಹುಚ್ಚಿಯಂತಾದೆ. ಮನೆಯೊಳಗಿಂದ ಒನಕೆಯ ಸದ್ದು ಬರುತ್ತದೆ, ಬಾವಿಯ ರಾಟೆ ಕಿರುಗುಟ್ಟುತ್ತದೆ, ನನ್ನ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆ. ನಾನು ಹೀಗೆ ಬಿದ್ದಿದ್ದೇನೆ. ಕೈ ಸುಮ್ಮನಿರುವ ಸೊಸೆಯನ್ನು ಆ ಮನೆಯವರು ಏಕೆ ಉಳಿಸಿಕೊಳ್ಳಬೇಕು? ದೇವರಾದರೂ ಏಕೆ ಉಳಿಸಬೇಕು?

ಹೀಗೆ ಯೋಚಿಸುತ್ತ ಒಂದು ದಿನ ಹರಕೆ ಹೊತ್ತೆ. ನನ್ನ ಅಜ್ಜಿ ಲಕ್ಷಬತ್ತಿ ಮಾಡಿದ್ದರು. ಒಂದು ಲಕ್ಷ ಬತ್ತಿಯನ್ನು ಕೈಯಿಂದ ಹೊಸೆದು, ತುಪ್ಪದಲ್ಲಿ ನೆನೆಸಿ, ದೇವರ ಮುಂದೆ ಉರಿಸುವುದು. ಬದುಕಿ ಮಗುವನ್ನು ಎತ್ತಿಕೊಳ್ಳುವಂತಾದರೆ ನರಸಿಂಹ ದೇವರಿಗೆ ಲಕ್ಷಬತ್ತಿ ಎಂದುಕೊಂಡೆ. ಬತ್ತಿಯನ್ನು ಮಡಿಯಲ್ಲಿ ಹೊಸೆಯಬೇಕು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗುಣವಾದ ಮೇಲೆ ಅರಿಶಿನದ ನೀರು ಚಿಮುಕಿಸಿ ಶುದ್ಧ ಮಾಡಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇಕಾಗಿದ್ದದ್ದು ಕೆಲಸ.

ನಿಂಗಮ್ಮ ತನ್ನ ಹೊಲದ ಅಂಚಿನ ಹತ್ತಿಯನ್ನು ಹಾಲಿನ ಬುಟ್ಟಿಯಲ್ಲಿ ಅಡಗಿಸಿ ತಂದುಕೊಟ್ಟಳು. "ಅಲ್ಲ ಅಮ್ನೋರೆ, ಡಾಕುಟ್ರು ಮನಿಕ್ಕಳಿ ಅಂದವ್ರೆ, ನೀವು ಕಂಬ್ಳಿ ಒಳಗೇ ಕಾರ್ಖಾನೆ ಇಟ್ಗಂಡಿದೀರಲ್ಲ" ಎಂದು ಬೈದಳು. ಬೈದರೂ ತಂದಳು, ಯಾರಿಗೂ ಹೇಳಲಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಕಂಬಳಿಯೊಳಗೆ ತೊಡೆಯ ಮೇಲೆ ಹೊಸೆಯುವುದು. ನೂರಾದರೆ ಒಂದು ಕಟ್ಟು, ದಾರ ಸುತ್ತಿ ಮಂಚದ ಕೆಳಗಿನ ಮಡಕೆಗೆ. ದಿನಕ್ಕೆ ಮೂರು ಕಟ್ಟು. ಮೂರು ಆಗದ ದಿನ ನಿದ್ದೆ ಬರುತ್ತಿರಲಿಲ್ಲ.

ನಿಮ್ಮ ತಾತ ಶಾಲೆಯಿಂದ ನಡೆದು ಬಂದು, ಕೈಕಾಲು ತೊಳೆದು, ನೇರವಾಗಿ ಹಿತ್ತಿಲಿಗೆ ಬರುತ್ತಿದ್ದರು. ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು ಇತ್ತು. ನನ್ನ ಮಂಚಕ್ಕೆ ಹತ್ತು ಹೆಜ್ಜೆ. ಡಾಕ್ಟರು ಹೇಳಿದ ದೂರ ಅದು. ಆ ಕಲ್ಲಿನ ಮೇಲೆ ಕುಳಿತು ಮಾತನಾಡುತ್ತಿದ್ದರು. ಕಾಯಿಲೆಯವಳ ಹತ್ತಿರ ಮಾತನಾಡಬೇಡ ಎಂದು ಅತ್ತೆ ಹೇಗೆ ಹೇಳಿಯಾರು? ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಗಂಡ ಹಗಲು ಬೆಳಕಿನಲ್ಲಿ ನನ್ನ ಮುಖ ನೋಡಿ ಮಾತನಾಡಿದರು. ಅದು ಹತ್ತು ಹೆಜ್ಜೆ ದೂರದಿಂದ. ಹೊತ್ತು ಮುಳುಗಿ ರಾಟೆಯ ನೆರಳು ಕಾಣದಂತಾಗುವವರೆಗೆ ಹೇಳುತ್ತಲೇ ಇದ್ದರು. ಅಷ್ಟು ಮಾತು ಅವರೊಳಗೆ ಇತ್ತೆಂದು ಯಾರಿಗೆ ಗೊತ್ತಿತ್ತು!

ನಾನು ಎಣಿಸುತ್ತಿದ್ದೆ. ಅವರು ಬರುವ ಹೊತ್ತಿಗೆ ಮೂರನೆಯ ಕಟ್ಟು ಅರ್ಧವಾಗಿರುತ್ತಿತ್ತು. ಅವರ ದನಿ ಮೇಲೆ ಹೋದಾಗ ಹೌದೆ ಎನ್ನುವುದು, ಕೆಳಗೆ ಬಂದಾಗ ಹೂಂ ಎನ್ನುವುದು. ಉಳಿದಂತೆ ನಲವತ್ತೊಂದು, ನಲವತ್ತೆರಡು.

ಅದರಲ್ಲಿ ಒಂದು ಸಂಜೆ ಮಾತ್ರ ಈಗಲೂ ಕಣ್ಣ ಮುಂದೆ ಇದೆ. ಅವರು ಒಂದು ಹೊಂಗೆಕಡ್ಡಿ ಹಿಡಿದು ಕಲ್ಲಿನಿಂದ ಮುಂದಕ್ಕೆ ಬಗ್ಗಿ ನೆಲದ ಮೇಲೆ ಏನೋ ಬರೆದರು. ನಾಲ್ಕು ಮೂಲೆಯ ಒಂದು ಆಕಾರ. ಅದರಿಂದ ಹೊರಗೆ ಹೊರಟ ಒಂದು ಗೆರೆ. ಬಹಳ ಹೊತ್ತು ವಿವರಿಸಿದರು. ಕಡೆಗೆ ತಲೆಯೆತ್ತಿ, "ಏನಂತೀಯ? ಹಾಗೆ ಮಾಡೋಣವೇ?" ಎಂದರು. ನಾನು ಎಂಬತ್ತೇಳರಲ್ಲಿದ್ದೆ. ತಪ್ಪಿದರೆ ಮೊದಲಿಂದ ಎಣಿಸಬೇಕು. "ಹಾಗೇ ಆಗಲಿ" ಎಂದೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ. ಎದ್ದು ಪಂಚೆ ಕೊಡವಿಕೊಂಡು ಏನೋ ಗುನುಗುತ್ತ ಒಳಗೆ ಹೋದರು. ನಾನು ಎಂಬತ್ತೆಂಟು ಹೊಸೆದೆ. ಬೆಳಿಗ್ಗೆ ನೋಡಿದರೆ ಕರು ಓಡಾಡಿ ನೆಲದ ಮೇಲಿದ್ದದ್ದು ಅಳಿಸಿಹೋಗಿತ್ತು.

ಏಳು ತಿಂಗಳಾದರೂ ಸಂಜೆಯ ಜ್ವರ ಇಳಿಯಲಿಲ್ಲ. ಮೂರನೆಯ ಸಲ ಹಾಸನಕ್ಕೆ ಹೋದಾಗ, ಆ ಅರಕಲಗೂಡಿನವಳು ಇಲ್ಲದ ದಿನ, ಡಾಕ್ಟರು ನಾಡಿ ನೋಡಲು ಕೈ ಹಿಡಿದವರು ಬಿಡಲೇ ಇಲ್ಲ. ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತಿರುಗಿಸಿ ನೋಡಿದರು. ಬೂದಿ ಕೂತು ಬಿಳಿಚಿಕೊಂಡಿದ್ದವು, ಚರ್ಮ ಗಡುಸಾಗಿತ್ತು. "ಮಲಗಿದವರ ಬೆರಳು ಹೀಗಿರೋದಿಲ್ಲ" ಎಂದರು. ನಿಮ್ಮ ತಾತ ನನ್ನ ಕೈ ನೋಡಿದರು. ಅವರಿಗೆ ತಿಳಿಯಿತು. ಅವರ ಅಮ್ಮನ ಬೆರಳುಗಳು ಪ್ರತಿ ಕಾರ್ತೀಕದಲ್ಲಿ ಬತ್ತಿ ಹೊಸೆದು ಹಾಗಾಗುತ್ತಿದ್ದವು.

ಮಾರನೆಯ ಸಂಜೆ ಕಲ್ಲಿನ ಮೇಲೆ ಬಂದು ಕುಳಿತರು. ಮಂಚದ ಕೆಳಗಿನ ಮಡಕೆಗಳನ್ನು ನಿಂಗಮ್ಮನಿಂದ ಹೊರಗೆ ತೆಗೆಸಿದರು. ಅರವತ್ತಮೂರು ಸಾವಿರ ಇದ್ದವು.

"ನಾನು ಮಾತಾಡ್ತಿದ್ದಾಗೆಲ್ಲ ಎಣಿಸ್ತಿದ್ಯಾ?" ಎಂದರು.

ನಾನು ತಲೆ ಬಗ್ಗಿಸಿದೆ.

"ತುಟಿ ಆಡಿಸ್ತಿದ್ದೆಯಲ್ಲ. ನನ್ನ ಮಾತಿನ ಜೊತೆಗೇ ಬರ್ತಿದ್ದೀಯ ಅಂದ್ಕೊಂಡಿದ್ದೆ." ಎಂದು ಸ್ವಲ್ಪ ನಕ್ಕರು. ಆ ನಗುವನ್ನು ನಾನು ಯಾರಿಗೂ ವರ್ಣಿಸಲಾರೆ.

ಅವರು ಬೈಯಲಿಲ್ಲ. "ನಾಳೆಯಿಂದ ಕೈ ಎರಡೂ ಕಂಬಳಿ ಮೇಲಿರಲಿ. ನನಗೆ ಕಾಣಬೇಕು" ಎಂದರು, ಅಷ್ಟೇ. ಮಡಕೆಗಳನ್ನು ಅಟ್ಟಕ್ಕೆ ಹಾಕಿಸಿದರು. ಅತ್ತೆ, ಹಾಸಿಗೆಯ ಮೇಲೆ ಮಡಿಯಿಲ್ಲದೆ ಹೊಸೆದ ಬತ್ತಿ ದೇವರಿಗೆ ಸಲ್ಲುವುದಿಲ್ಲ ಎಂದರು. ಕೋಪದಿಂದಲ್ಲ, ಇದ್ದದ್ದನ್ನು ಹೇಳುವಂತೆ ಹೇಳಿದರು. ಏಳು ತಿಂಗಳ ಕೆಲಸ ಹಾಗೆ ಮುಗಿಯಿತು.

ಮಾರನೆಯ ದಿನದಿಂದ ಕೈಗಳನ್ನು ಕಂಬಳಿಯ ಮೇಲಿಟ್ಟುಕೊಂಡು ಮಲಗಿದೆ. ಅವು ನನ್ನವಲ್ಲವೇನೋ ಅನ್ನಿಸುತ್ತಿತ್ತು. ಮೊದಲ ಎರಡು ದಿನ ಅಳುತ್ತಲೇ ಇದ್ದೆ. ಮೂರನೆಯ ದಿನ ಹೊಂಗೆ ಹೂ ಉದುರುವುದು ಕಾಣಿಸಿತು. ಏಳು ತಿಂಗಳು ಅದರ ಕೆಳಗೇ ಮಲಗಿದ್ದೆ. ರಾಟೆ ಏರುವಾಗ ಒಂದು ಸದ್ದು, ಇಳಿಯುವಾಗ ಇನ್ನೊಂದು ಎಂದು ತಿಳಿಯಿತು. ನಿಂಗಮ್ಮ ತರುವ ಹಾಲಿಗೆ ಬೆಳಿಗ್ಗೆ ಒಂದು ರುಚಿ, ಸಂಜೆ ಹೊಗೆಯ ರುಚಿ. ಇದೆಲ್ಲ ಏನು ದೊಡ್ಡದು ಎಂದು ನೀವು ಕೇಳಬಹುದು. ದೊಡ್ಡದಲ್ಲ. ಇಷ್ಟೇ ಇತ್ತು, ಇಷ್ಟು ಸಾಕಾಗಿತ್ತು.

ಅಂಥ ಹನ್ನೊಂದು ಸಂಜೆಗಳು ನನಗೆ ಸಿಕ್ಕವು. ಶಾರದೆ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಆ ಹನ್ನೊಂದು. ನಿಮ್ಮ ತಾತ ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದರಂತೆ, ಅದಕ್ಕೇ ರಾಟೆ ಕಿರುಗುಟ್ಟಿದರೆ ಅವರ ಬೆನ್ನು ಬಿಗಿಯುತ್ತಿತ್ತು. ಆದರೂ ದಿನಾ ಬಾವಿಯ ಪಕ್ಕವೇ ಬಂದು ಕೂರುತ್ತಿದ್ದರು. ಮದುವೆಯಲ್ಲಿ ಅವರು ನೋಡಿದ್ದು ನನ್ನ ಕಾಲನ್ನು ಮಾತ್ರ, ಹಿಮ್ಮಡಿಯಲ್ಲಿ ಮುಳ್ಳು ಮುರಿದ ಗುರುತು ಇತ್ತಂತೆ, ಪಾಪ ಅನ್ನಿಸಿತಂತೆ. ಶಾಲೆಯ ಹುಡುಗನೊಬ್ಬ ನಕ್ಷೆಯಲ್ಲಿ ಹೇಮಾವತಿಯನ್ನು ಗೊರೂರಿನಿಂದ ಬೆಟ್ಟದ ಕಡೆಗೆ ಹರಿಸಿದ್ದ. ಬೈಯಲು ಹೋದರೆ, "ಸಾ, ವಾಪಸ್ ಓಗ್ತಾ ಐತೆ ಸಾ" ಎಂದನಂತೆ. ಅದನ್ನು ಹೇಳುತ್ತ ನಿಮ್ಮ ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಒಳಗಿಂದ ಅತ್ತೆ ಇಣುಕಿ ನೋಡಿ ಹೋದರು. ಎರಡು ಸಂಜೆ ಅವರು ಏನೂ ಮಾತನಾಡಲಿಲ್ಲ. ಸುಮ್ಮನೆ ಕುಳಿತಿದ್ದೆವು. ಅವನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಆ ಕಡ್ಡಿಯಿಂದ ಬರೆದದ್ದು ಏನೆಂದು ಏಕೆ ಕೇಳಲಿಲ್ಲ ಎಂದರೆ ಹೇಳುತ್ತೇನೆ. ಒಂದು ಸಂಜೆ ಕೇಳಲು ಬಾಯಿ ತೆರೆದೆ. ಆದರೆ ಆ ದಿನ ನಾನು ಉತ್ತರ ಕೊಟ್ಟಿದ್ದೆನಲ್ಲ. ಉಳಿದ ದಿನ ಎಣಿಸಿದಳು, ಅವತ್ತೊಂದು ದಿನ ಕೇಳಿಸಿಕೊಂಡಳು ಎಂದು ಅವರು ನಂಬಿದ್ದರು. ಅದೊಂದನ್ನು ಅವರಿಂದ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಗುಣವಾದ ಮೇಲೆ ಕೇಳೋಣ, ಎಷ್ಟು ದಿನ ಬೇಕಾದರೂ ಇದೆ ಎಂದುಕೊಂಡೆ.

ಹನ್ನೆರಡನೆಯ ದಿನ ಅವರು ಶಾಲೆಯಿಂದ ನಡುಗುತ್ತ ಬಂದರು. ವಿಷಮಜ್ವರ. ನನ್ನ ಜ್ವರ ಇಳಿಯತೊಡಗಿದ ವಾರವೇ ಅವರದು ಏರಿತು. ಅವರನ್ನು ಮಲಗಿಸಿದ್ದ ಕೋಣೆಯ ಕಿಟಕಿ ಬಾವಿಯ ಕಡೆಗೆ ಇತ್ತು. ನನ್ನನ್ನು ಒಳಗೆ ಬಿಡುವಂತಿರಲಿಲ್ಲ. ನಾನು ಮಂಚದಿಂದ ಎದ್ದು ಬಂದು ಆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಅವರು ಮಲಗಿದ್ದರು, ನಾನು ಕುಳಿತಿದ್ದೆ. ಮಾತನಾಡಲು ನನಗೆ ಬರುತ್ತಿರಲಿಲ್ಲ. ಹೊಂಗೆ ಹೂ ಉದುರಿದೆ, ಕರು ಹಗ್ಗ ಬಿಚ್ಚಿಕೊಂಡಿತು, ಇಂಥದ್ದನ್ನು ಕಿಟಕಿಗೆ ಹೇಳುತ್ತಿದ್ದೆ. ಹತ್ತೊಂಬತ್ತು ದಿನ ಹೇಳಿದೆ.

ಕಡೆಯ ದಿನ ಮಧ್ಯಾಹ್ನ ಅವರಿಗೆ ಪ್ರಜ್ಞೆ ತಿಳಿಯಾಗಿತ್ತು. ಅತ್ತೆ ತಲೆಯ ಹತ್ತಿರ, ಭಾವನವರು ಕಾಲ ಹತ್ತಿರ ಇದ್ದರು. ಅವರ ಎದುರಿಗೇ, ಗೋಡೆಯ ಕಡೆ ನೋಡದೆ, ಕಿಟಕಿಯಲ್ಲಿ ನನ್ನನ್ನು ನೋಡಿ ಹೇಳಿದರು.

"ಅವತ್ತು ಕಲ್ಲಿನ ಮೇಲೆ ಕೂತು ಹೇಳಿದೆನಲ್ಲ, ನೀನೂ ಹಾಗೇ ಆಗಲಿ ಅಂದೆಯಲ್ಲ. ಅದನ್ನು ಮಾತ್ರ ಬಿಡಬೇಡ."

ನಾನು ಹೂಂ ಎಂದೆ.

ಏನು ಹೇಳಿದಿರಿ ಎಂದು ಕೇಳಬಹುದಿತ್ತು. ಅವರ ಮುಖ ಸಮಾಧಾನವಾಗಿತ್ತು. ಅದನ್ನು ನೋಡಿ ಕೇಳಲಾಗಲಿಲ್ಲ.

ಅವರನ್ನು ಮಲಗಿಸಿದ್ದ ಜಾಗದಲ್ಲಿ ಹತ್ತು ದಿನ ದೀಪ ಆರದಂತೆ ನೋಡಿಕೊಳ್ಳಬೇಕು. ಅತ್ತೆ ತಾವೇ ಅಟ್ಟ ಹತ್ತಿ ಒಂದು ಮಡಕೆ ಇಳಿಸಿದರು. ನನ್ನ ಮುಂದೆ ಇಟ್ಟು, "ಇದಕ್ಕೆ ಆಗುತ್ತೆ" ಎಂದರು. ನಾನು ಹೊಸೆದ ಬತ್ತಿಗಳು ಅಲ್ಲಿ ಉರಿದವು.

ನಾನು ಬದುಕಿದೆ. ಮುಂದಿನ ಸಲ ಹಾಸನದ ಡಾಕ್ಟರು ಎದೆ ಕೇಳಿ, ಗಾಯ ಒಣಗಿದೆ, ತೂಕ ಏರಿದೆ ಎಂದರು. ಜೊತೆಗೆ ಬಂದಿದ್ದ ಭಾವನವರನ್ನು ನೋಡಿ, ಕುಂಕುಮವಿಲ್ಲದ ನನ್ನ ಹಣೆಯನ್ನು ನೋಡಿ, ಕಿವಿಗೊಳವೆಯನ್ನು ಮಡಿಸಿಟ್ಟರು.

ಅದು ಏನಿರಬಹುದೆಂದು ಇಷ್ಟು ವರ್ಷ ಹುಡುಕಿದ್ದೇನೆ. ಭಾವನವರನ್ನು ಕೇಳಿದೆ, ಶಾಲೆಯವರನ್ನು ಕೇಳಿಸಿದೆ, ನಿಂಗಮ್ಮನನ್ನು ಕೇಳಿದೆ. "ಮೇಷ್ಟ್ರು ನಿಮ್ಗೇಯ ಯೋಳಿದ್ದು ಕಣಮ್ನೋರೆ, ನಾವ್ಯಾಕೆ ಕೇಳಿಸ್ಕಳವಾ" ಎಂದಳು. ನಾಲ್ಕು ಮೂಲೆ ಎಂದರೆ ಮನೆಯೇ? ಬೇರೆ ಮನೆ ಮಾಡೋಣ ಎಂದರೇ? ಸ್ಲೇಟೇ? ಮಗನನ್ನು ಓದಿಸೋಣ ಎಂದರೇ? ಹೊರಗೆ ಹೊರಟ ಗೆರೆ ದಾರಿಯೇ, ನೀರಿನ ಕಾಲುವೆಯೇ? ನಿಮ್ಮ ಅಪ್ಪನನ್ನು ಹಾಸನದಲ್ಲಿ ಓದಿಸಿದೆ. ಹೊಳೆನರಸೀಪುರದಲ್ಲಿ ಈ ಮನೆ ಆಯಿತು. ಹಿತ್ತಿಲಲ್ಲಿ ನಾಲ್ಕು ಮೂಲೆಯ ಹೂವಿನ ಪಾತಿ ಮಾಡಿಸಿ ಬಾವಿಯಿಂದ ಕಾಲುವೆ ತೆಗೆಸಿದೆ. ನೀವು ಅದರಲ್ಲಿ ಕಾಗದದ ದೋಣಿ ಬಿಡುತ್ತೀರಿ. ಇವುಗಳಲ್ಲಿ ಯಾವುದಾದರೂ ಒಂದು ಅದೇ ಆಗಿರಬಹುದು. ಯಾವುದೂ ಆಗಿರದಿರಬಹುದು.

ಅಜ್ಜಿಯನ್ನು ಕೂಗಿದರೆ ಸಾಕು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟುಬಿಡುತ್ತಾಳೆ, ಒಂದು ಕೆಲಸವೂ ಮುಗಿಯುವುದಿಲ್ಲ ಎಂದು ನಿಮ್ಮ ಅಮ್ಮ ಬೇಸರಪಡುತ್ತಾಳೆ. ಅವಳದು ತಪ್ಪಲ್ಲ. ನಿನ್ನೆ ಶಾರದೆ ತನ್ನ ಗೆಳತಿಯ ಜಡೆಯ ಕಥೆಯನ್ನು ಉದ್ದಕ್ಕೆ ಹೇಳುತ್ತಿದ್ದಾಗ ಸಾರು ಉಕ್ಕಿ ಒಲೆ ಆರಿತು. ಅಜ್ಜಿಗೆ ಮೂಗು ಹೋಯಿತು, ವಾಸನೆ ತಿಳಿಯುವುದಿಲ್ಲ ಎಂದು ನೀವೆಲ್ಲ ನಕ್ಕಿರಿ.

ಸಾರು ಉಕ್ಕುತ್ತಿದ್ದದ್ದು ನನಗೆ ಗೊತ್ತಾಗಿತ್ತು. ನೀನು ಹೇಳುತ್ತಿದ್ದೆ, ಶಾರದೆ.